ಬಿಸಿಲೂರಿನಲ್ಲಿ ಹೀದರ್ ಸಾಕಿದ್ದು

ಹೊಸಪೇಟೆಯ ಒಂದು ನರ್ಸರಿಯಲ್ಲಿ ಕುಂಡದ ಗಿಡಗಳನ್ನು ನೋಡಿಕೊಂಡು ಆಯುಷ್ಯದ ಬಹುಪಾಲು ಕಳೆದವಳು ನಾನು. ಕೆಲಸ ಬಿಟ್ಟು ಇನ್ನೂ ಬಹಳ ಕಾಲವಾಗಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗಿಯರು ಆಗಾಗ ಫೋನು ಮಾಡಿ, "ಮೇಡಂ, ಎಲಿ ಹಳದಿ ಆಗಾಕತ್ತೇತಿ, ಏನ್ ಮಾಡ್ಲಿ?" ಎಂದು ಕೇಳುತ್ತಾರೆ. ಫೋನಿನಲ್ಲಿ ಎಷ್ಟೆಂದು ಹೇಳುವುದು! ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸದಲ್ಲಿ ಗಿಡಕ್ಕಿಂತ ಹೆಚ್ಚಾಗಿ ಗಿಡ ಸಾಕಿದವರನ್ನು ಸಂಭಾಳಿಸಬೇಕಾಗುತ್ತದೆ. "ದಿನಾ ನೀರು ಹಾಕ್ತೀವ್ರಿ" ಎನ್ನುವ ಮನೆಯಲ್ಲಿ ಮಣ್ಣು ಬಿರುಕು ಬಿಟ್ಟಿರುತ್ತದೆ. "ನಾವು ಅದನ್ನ ಮುಟ್ಟೇ ಇಲ್ರಿ" ಎನ್ನುವ ಮನೆಯ ಕುಂಡದಲ್ಲಿ ಸೋಸಿದ ಚಹಾಪುಡಿ, ಮೊಟ್ಟೆಯ ಸಿಪ್ಪೆ, ಒಮ್ಮೆ ಯಾರೋ ಅಜ್ಜನ ಹಲ್ಲಿನ ಸೆಟ್ಟೂ ಸಿಕ್ಕಿತ್ತು. ಮನೆಯವರು ಆ ಸೆಟ್ಟಿಗಾಗಿ ಊರೆಲ್ಲ ಹುಡುಕಿದ್ದರಂತೆ. ನನಗೆ ಅವತ್ತು ಗಿಡ ನೋಡಿದ್ದಕ್ಕಿಂತ ಹೆಚ್ಚು ಮರ್ಯಾದೆ ಸಿಕ್ಕಿತು, ಮೇಲೆ ಒಂದು ಲೋಟ ಮಜ್ಜಿಗೆ.

ಆಗೆಲ್ಲ ಗಿರಾಕಿಗಳ ಮನೆಗೇ ಹೋಗುತ್ತಿದ್ದೆವು. ಕುಂಡ ಎತ್ತಿ ತೂಕ ನೋಡಿ, ಮಣ್ಣಿಗೆ ಬೆರಳು ಹಾಕಿ, ಎಲೆಯ ಬೆನ್ನು ತಿರುವಿ ಆಮೇಲೆ ಮಾತಾಡುತ್ತಿದ್ದೆವು. ಈಗ ಫೋಟೋ ಬರುತ್ತದೆ. ಅನುಕೂಲವೇನೋ ಹೌದು, ಕಂಪ್ಲಿಯಿಂದ ಕುರೆಕುಪ್ಪದವರೆಗೆ ಬಸ್ಸಿನಲ್ಲಿ ಅಲೆಯುವುದು ತಪ್ಪಿದೆ. ಆದರೆ ಫೋಟೋದಲ್ಲಿರುವ ಕುಂಡ ಹಗುರವೋ ಭಾರವೋ ಗೊತ್ತಾಗುವುದಿಲ್ಲ. ಹುಡುಗಿಯರೇ, ಅನುಮಾನ ಬಂದರೆ ಎದ್ದು ಹೋಗಿ ನೋಡಿ. ಇಷ್ಟೇ ನನ್ನ ಉಪದೇಶ. ಇನ್ನು ಮುಂದೆ ಹೀದರ್ ಗಿಡದ ವಿಷಯ.

ನಮ್ಮ ನರ್ಸರಿಯ ಯಜಮಾನರು ಜಯತೀರ್ಥರಾಯರು. ಒಳ್ಳೆಯ ಮನುಷ್ಯ, ಆದರೆ ಅವರನ್ನು ಒಬ್ಬರನ್ನೇ ಪರವೂರಿಗೆ ಕಳಿಸುವಂತಿರಲಿಲ್ಲ. ಹೋದ ಕಡೆಯಿಂದೆಲ್ಲ ನಮ್ಮ ಹವೆಗೆ ಒಗ್ಗದ ಏನಾದರೊಂದನ್ನು ತರುತ್ತಿದ್ದರು. ಒಮ್ಮೆ ಸೇಬಿನ ಸಸಿ ತಂದರು. ಅದು ಸೇಬು ಬಿಡುವುದಿರಲಿ, ಇದ್ದ ನಾಲ್ಕು ಎಲೆಯನ್ನೂ ಉಳಿಸಿಕೊಳ್ಳಲಿಲ್ಲ. ಅಂಥವರು ಒಂದು ವರ್ಷ ದೀಪಾವಳಿಗೆ ಮುಂಚೆ ಊಟಿಗೆ ಹೋಗಿ ವ್ಯಾನಿನ ತುಂಬ ಹೀದರ್ ತುಂಬಿಕೊಂಡು ಬಂದರು.

ನೋಡಲು ಮಾತ್ರ ಏನು ಚೆಂದ! ಮೊಳದೆತ್ತರದ ಪುಟ್ಟ ಪೊದೆ. ಸರ್ವೆ ಮರದ ಎಲೆಯಂಥ ಸಣ್ಣ ಸೂಜಿ ಎಲೆಗಳು, ಕೊಂಬೆಯುದ್ದಕ್ಕೂ ಜೋಳದ ಕಾಳಿಗಿಂತ ಚಿಕ್ಕದಾದ ಗುಲಾಬಿ ಗಂಟೆಗಳು. ಗಾಳಿಗೆ ಅಲುಗಿದರೆ ಕಿಣಿಕಿಣಿ ಅಂದೀತೇನೋ ಅನ್ನಿಸುತ್ತಿತ್ತು. ಚಳಿ ದೇಶದ ಗುಡ್ಡಗಳ ಮೇಲೆ ತಾನಾಗಿ ಬೆಳೆಯುತ್ತದೆಂದೂ, ಮನೆಯೊಳಗಿಟ್ಟರೆ ತಿಂಗಳುಗಟ್ಟಲೆ ಹೂ ನಿಲ್ಲುತ್ತದೆಂದೂ ರಾಯರು ಎಲ್ಲರಿಗೂ ಹೇಳಿದರು. ಹಬ್ಬ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲವೂ ಖರ್ಚಾದವು. ಹೀದರ್ ಎನ್ನಲು ನಾಲಿಗೆ ತಿರುಗದೆ ಜನ "ಹೈದರ್ ಗಿಡ ಐತೇನ್ರಿ?" ಎಂದು ಕೇಳತೊಡಗಿದ್ದರು. ನಾವೂ ಹಾಗೇ ಕರೆದೆವು.

ಸಂಕ್ರಾಂತಿಯ ಹೊತ್ತಿಗೆ ದೂರುಗಳು ಶುರುವಾದವು. ವಿಚಿತ್ರವೇನೆಂದರೆ ದೂರು ತಂದವರಿಗಿಂತ ಹೊಗಳಿದವರೇ ಹೆಚ್ಚು. ಸ್ಟೇಷನ್ ಕಡೆಯ ಹೋಟೆಲೊಂದರ ಮ್ಯಾನೇಜರ್ ನಾನು ಹೋದಾಗ ಕೌಂಟರಿನ ಮೇಲಿದ್ದ ಹೀದರನ್ನು ತೋರಿಸಿ, "ನಿಮ್ಮ ಗಿಡದಾಗೆಲ್ಲಾ ಇದೊಂದು ಮಸ್ತ್ ನೋಡ್ರಿ. ಹಂಪಿಗೆ ಬಂದವ್ರೆಲ್ಲಾ ಇದರ ಮುಂದ ನಿಂತು ಫೋಟೋ ತಗೋತಾರ" ಎಂದರು. ನಾನು ಹತ್ತಿರ ಹೋಗಿ ಮುಟ್ಟಿದೆ. ಬೆರಳ ಸಂದಿಯಲ್ಲಿ ಕರಕರ ಪುಡಿಯಾಯಿತು. ಹೀದರ್ ಹೂವಿನ ಗುಣವೇ ಅದು. ಗಿಡ ಸತ್ತರೂ ಹೂ ಉದುರುವುದಿಲ್ಲ, ಬಣ್ಣವೂ ಬೇಗ ಮಾಸುವುದಿಲ್ಲ.

"ಸರ್, ಇದು ಸತ್ತು ಭಾಳ ದಿನಾ ಆಗೇತ್ರಿ" ಎಂದೆ.

ಅವರು ಗಿಡವನ್ನೂ ನನ್ನನ್ನೂ ನೋಡಿದರು. ಸ್ವಲ್ಪ ಯೋಚಿಸಿ, "ಇರ್ಲಿ ಬಿಡ್ರಿ. ನೀರು ಕೇಳಂಗಿಲ್ಲ, ರಜಾ ಕೇಳಂಗಿಲ್ಲ, ಯಾವಾಗ ನೋಡಿದ್ರೂ ನಗ್ತಾ ಇರ್ತೈತಿ. ಇಂಥಾ ಸ್ಟಾಫ್ ನನಗ ಎಲ್ಲಿ ಸಿಗ್ತಾರ?" ಎಂದರು.

ನಗುತ್ತಲೇ ವಾಪಸು ಬಂದೆ. ಆದರೆ ಹೀಗೆ ಮನೆಮನೆಯಲ್ಲೂ ಸತ್ತ ಗಿಡಗಳು ನಗುತ್ತಿವೆ ಎಂಬುದು ರಾಯರಿಗೆ ತಡೆಯಲಾಗಲಿಲ್ಲ. ಉಳಿದಿದ್ದ ಕೆಲವನ್ನು ಮುಂದಿಟ್ಟುಕೊಂಡು, "ಸುಮಂಗಲಾ, ಇದು ಯಾಕ ಬದುಕವಲ್ದು ಅನ್ನೋದು ತಿಳೀಬೇಕು ನೋಡು. ಇದು ಗಿಡ ಅಲ್ಲ, ಮನಿಗೆ ಅಳಿಯ ಬಂದಂಗ ಅದ" ಎಂದರು.

ಇಬ್ಬರೂ ಸೇರಿ ಕಲಿತೆವು. ಕಲಿಯುವಾಗ ಇನ್ನೂ ಒಂದಿಷ್ಟು ಸತ್ತವು. ಹೀದರಿನ ಬೇರು ಕೂದಲಿಗಿಂತ ನವಿರು; ಒಮ್ಮೆ ಪೂರಾ ಒಣಗಿದರೆ ಮತ್ತೆ ಚೇತರಿಸಿಕೊಳ್ಳುವುದು ಅಪರೂಪ. ಹಾಗೆಂದು ನೀರಿನಲ್ಲಿ ನಿಲ್ಲಿಸಿದರೆ ಕೊಳೆಯುತ್ತದೆ. ನಮ್ಮ ಬೋರಿನ ನೀರಿನಲ್ಲಿ ಸುಣ್ಣ ಜಾಸ್ತಿ, ಕುಂಡದ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದಲ್ಲ, ಅದು ಈ ಗಿಡಕ್ಕೆ ವಿಷ. ಮಳೆನೀರು ಹಿಡಿದಿಟ್ಟರೆ ಸರಿ, ಇಲ್ಲವಾದರೆ ಕುಡಿಯುವ ಫಿಲ್ಟರ್ ನೀರು. ಇದನ್ನು ಹೇಳಿದ ಮನೆಯೊಂದರಲ್ಲಿ ಅತ್ತೆ ಸೊಸೆಗೆ, "ನನಗ ಬೋರಿನ ನೀರು, ನಿನ್ನ ಹೈದರ್‌ಗೆ ಕ್ಯಾನಿನ ನೀರೇನವಾ?" ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಮಣ್ಣಿಗೆ ತೊಳೆದ ತೆಂಗಿನ ನಾರಿನ ಪುಡಿ, ಕೊಳೆತ ಎಲೆ, ದಪ್ಪ ಮರಳು. ನಮ್ಮ ಹೊಲದ ಕಪ್ಪು ಮಣ್ಣು ಬೇಡ, ಸಗಣಿ ಗೊಬ್ಬರವಂತೂ ಬೇಡವೇ ಬೇಡ. "ಬಡವರ ಮನಿ ಕೂಸು ಇದು. ತುಪ್ಪ ತಿನ್ನಿಸಿದ್ರ ಹೊಟ್ಟಿ ಕೆಡ್ತದ" ಎನ್ನುತ್ತಿದ್ದರು ರಾಯರು. ದೊಡ್ಡ ಮಣ್ಣಿನ ಕುಂಡದೊಳಗೆ ಚಿಕ್ಕ ಕುಂಡವಿಟ್ಟು ನಡುವೆ ಮರಳು ತುಂಬಿ ಅದನ್ನು ಸದಾ ಒದ್ದೆಯಾಗಿಟ್ಟರೆ ಬೇರಿಗೆ ತಂಪು. ಬೆಳಗಿನ ಬಿಸಿಲು ಬರುವ ಪೂರ್ವದ ಕಿಟಕಿ ಒಳ್ಳೆಯದು. ಗಾಳಿಯಾಡಬೇಕು, ಆದರೆ ಬಿಸಿಗಾಳಿಯಲ್ಲ. ಹೂ ಮುಗಿದ ಮೇಲೆ ತುದಿಗಳನ್ನು ಕತ್ತರಿಸಬೇಕು, ಹಸಿರಿರುವಲ್ಲಿ ಮಾತ್ರ. ಕಂದು ಕಟ್ಟಿಗೆಗೆ ಕತ್ತರಿ ಹಾಕಿದರೆ ಅಲ್ಲಿಂದ ಮತ್ತೆ ಚಿಗುರುವುದಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ನಾನು ಗಿರಾಕಿಗಳಿಗೆ, "ಹೀದರ್ ತಗೋಬ್ಯಾಡ್ರಿ, ಮನಿ ಪ್ಲಾಂಟ್ ತಗೊಳ್ರಿ" ಎಂದು ಹೇಳತೊಡಗಿದೆ. ರಾಯರಿಗೆ ಸಿಟ್ಟು. "ಅಂಗಡ್ಯಾಗ ನಿಂತು ಬ್ಯಾಡ ಅನ್ನೋದಕ್ಕ ನಿನಗ ಸಂಬಳ ಕೊಡ್ಲೇನು?" ಎಂದು ರೇಗುತ್ತಿದ್ದರು.

ಆ ದಿನಗಳಲ್ಲೇ ನೀಲಮ್ಮ ನರ್ಸರಿಗೆ ಬಂದದ್ದು. ಕಂಪ್ಲಿಯವರು, ಅಕ್ಕಿ ಮಿಲ್ಲಿನ ಶಿವರುದ್ರಪ್ಪನವರ ಹೆಂಡತಿ. ಅರವತ್ತು ದಾಟಿದ, ಹಣೆತುಂಬ ವಿಭೂತಿ ಹಚ್ಚಿದ ಹೆಂಗಸು. ಹೊಸಪೇಟೆಯ ಡಾಕ್ಟರೊಬ್ಬರ ಆಸ್ಪತ್ರೆಯಲ್ಲಿ ನಮ್ಮ ಹೀದರನ್ನು ನೋಡಿದ್ದರಂತೆ. ಒಂದು ದಿನ ಮರೆತರೂ ಕೈಬಿಟ್ಟು ಹೋಗುವ ಗಿಡ ಎಂದು ಅಲ್ಲಿಯವರು ಬೈದುಕೊಳ್ಳುತ್ತಿದ್ದರಂತೆ.

"ಅದೇ ಗಿಡ ಬೇಕ್ರಿ ನನಗ" ಎಂದರು.

"ಅಮ್ಮಾರ, ಅದು ನಮ್ಮ ಸೆಕಿಗೆ ತಡಿಯಂಗಿಲ್ರಿ. ಕಂಪ್ಲಿ ಬಿಸಿಲಿನ್ಯಾಗ ಸಾಯ್ತೈತಿ."

"ಸಾಯೋ ಅಂಥಾದ್ದೇ ಬೇಕ್ರಿ."

ನನಗೆ ಅರ್ಥವಾಗಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು. ಗಂಡನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿವೆ. ಮಾತು ನಿಂತಿದೆ. ಮಿಲ್ಲಿನ ಮಷೀನಿನ ಸದ್ದನ್ನೂ ಮೀರಿ ಕೇಳಿಸುತ್ತಿದ್ದ ದನಿ ಅವರದು. ಈಗ ಗೋಡೆಗೆ ಮುಖ ಮಾಡಿ ಕೂತರೆ ಕೂತರು. ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಕಿಟಕಿಯಾಚೆ ಎಸೆದಿದ್ದಾರೆ.

"ಮನಿ ಪ್ಲಾಂಟ್ ಇಟ್ರ ಅದು ಅವ್ರನ್ನ ಏನೂ ಕೇಳಂಗಿಲ್ರಿ. ಅದರ ಪಾಡಿಗದು ಬೆಳಿತೈತಿ. ನಮ್ಮ ಮನ್ಯಾಗ ಎಲ್ಲಾ ಹಂಗ ಆಗೇತಿ. ಮಿಲ್ಲು ಮಗ ನೋಡ್ತಾನ, ಮನಿ ನಾ ನೋಡ್ತೀನಿ. ಯಾವುದಕ್ಕೂ ಅವ್ರು ಬೇಕಾಗಿಲ್ಲ. ಅವ್ರಿಲ್ಲದಿದ್ರ ನಡಿಯಂಗಿಲ್ಲ ಅನ್ನುವಂಥಾದ್ದು ಒಂದಾರ ಇರ್ಲಿ."

"ಅದೂ ಸತ್ರ?"

"ಸತ್ರ ಬಂದು ಇನ್ನೊಂದು ತಗೊಂಡು ಹೋಗ್ತೀನಿ" ಎಂದರು ನೀಲಮ್ಮ.

ಇಷ್ಟು ವರ್ಷದಲ್ಲಿ ಗಿಡ ಕೇಳಲು ಬಂದವರು ಎಷ್ಟೋ ಜನ. ಹೀಗೆ ಕೇಳಿದವರು ಅವರೊಬ್ಬರೇ. ಇದ್ದುದರಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಮಾರನೆಯ ದಿನ ನಾನೇ ಕಂಪ್ಲಿಗೆ ಕೊಂಡೊಯ್ದೆ.

ಶಿವರುದ್ರಪ್ಪನವರು ನನ್ನತ್ತ ತಿರುಗಲೂ ಇಲ್ಲ. ನಾನು ಅವರ ಮಂಚದ ಪಕ್ಕ, ಪೂರ್ವದ ಕಿಟಕಿಯ ಕಟ್ಟೆಯ ಮೇಲೆ ಗಿಡವಿಟ್ಟೆ. ನೀರಿನ ಸ್ಪ್ರೇ ಬಾಟಲಿಯನ್ನು ಕೈಗೆ ಸಿಗುವಂತೆ ಇಟ್ಟು, "ಯಜಮಾನ್ರ, ಮುಂಜಾನಿ, ಸಂಜಿಮುಂದ ಎಲಿ ಮ್ಯಾಲ ಇಷ್ಟು ನೀರು ಸಿಡಿಸಬೇಕ್ರಿ. ಬೆರಳಿಟ್ಟು ಮಣ್ಣು ಒಣಗೇತೋ ಏನೋ ನೋಡಬೇಕ್ರಿ. ನೀಲಮ್ಮನೋರಿಗೆ ಇದು ಆಗಂಗಿಲ್ಲಂತ" ಎಂದೆ. ಬಸ್ಸು ಹತ್ತಿ ಬಂದೆ, ಗಿಡದ ಆಸೆ ಬಿಟ್ಟೇ ಬಂದೆ.

ಮುಂದಿನ ವಾರ ಹೋದಾಗ ಮಣ್ಣು ತಣ್ಣಗೆ ಒದ್ದೆಯಾಗಿತ್ತು. ಎಲೆಗಳ ಮೇಲೆ ಹನಿಗಳು. ನೀಲಮ್ಮ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು: "ಎರಡು ದಿನಾ ಮುಟ್ಟಲೇ ಇಲ್ರಿ. ನಾನೂ ಮುಟ್ಟಲಿಲ್ಲ, ಎದಿ ಗಟ್ಟಿ ಮಾಡ್ಕೊಂಡು ಸುಮ್ನಿದ್ದೆ. ಮೂರನೇ ದಿನ ತುದಿ ಬಾಡಿತು. ನಾ ನೋಡೇ ಇಲ್ಲ ಅನ್ನುವಂಗ ಅಕ್ಕಿ ಆರಿಸ್ತಾ ಕುಂತೆ. ಎಡಗೈಲೆ ಬಾಟ್ಲಿ ತಗೊಂಡ್ರು ನೋಡ್ರಿ!"

ಬಾಟಲಿ ಕ್ರಮೇಣ ಎಡಗೈಯಿಂದ ಬಲಗೈಗೆ ಬಂತು. ಬಲಗೈಯಿಂದ ಬಾಟಲಿ ಹಿಡಿದು, ಎಡಗೈಯಿಂದ ಆ ಬೆರಳುಗಳನ್ನು ಒತ್ತಿ ಒತ್ತಿ ಸಿಡಿಸುತ್ತಿದ್ದರು; ಮೊದಲು ನೀರು ಅವರ ಅಂಗಿಗೇ ಬೀಳುತ್ತಿತ್ತು. ಗಿಡದಿಂದಲೇ ಕೈ ಬಂತೆಂದು ನಾನು ಹೇಳುವುದಿಲ್ಲ. ವ್ಯಾಯಾಮ ಹೇಳಿಕೊಡುವವರು ಬರುತ್ತಿದ್ದರು, ಔಷಧಿ ನಡೆದಿತ್ತು. ಆದರೆ ವ್ಯಾಯಾಮದವರು ಬಂದಾಗ ಈಗ ಅವರು ಗೋಡೆಯತ್ತ ತಿರುಗುತ್ತಿರಲಿಲ್ಲ.

ಮಾತು ಬಂದದ್ದು ನನ್ನ ಕಣ್ಣೆದುರಿಗೆ. ನೀಲಮ್ಮ ಪ್ರೀತಿಯಿಂದ ಹಿತ್ತಲಿನ ಸಗಣಿ ಗೊಬ್ಬರವನ್ನು ಒಂದು ತಟ್ಟೆಯಲ್ಲಿ ತಂದು ಕುಂಡದ ಕಡೆ ಬಗ್ಗಿದರು. ಗೊಬ್ಬರ ಹಾಕಬಾರದೆಂದು ನಾನು ಮೊದಲ ದಿನವೇ ಹೇಳಿದ್ದೆ, ಅವರು ಮರೆತಿದ್ದರು. ನಾನು ಬಾಯಿ ತೆರೆಯುವ ಮುಂಚೆ ಮಂಚದ ಮೇಲಿನಿಂದ ಬಂತು:

"ಬ್ಯಾಡ!"

ತಟ್ಟೆ ಕೆಳಗೆ ಬಿತ್ತು. ಗೊಬ್ಬರ ನೆಲದ ತುಂಬ. ನೀಲಮ್ಮ ಅದರ ನಡುವೆಯೇ ಕೂತು ಬಾಯಿಗೆ ಸೆರಗು ಒತ್ತಿಕೊಂಡರು. ಶಿವರುದ್ರಪ್ಪನವರಿಗೇ ಗಾಬರಿಯಾದಂತಿತ್ತು, ಆ ಮಾತು ಬೇರೆ ಯಾರಾದರೂ ಆಡಿದರೋ ಎಂಬಂತೆ ಸುತ್ತ ನೋಡಿದರು.

ನೀಲಮ್ಮ ಜಾಣೆ. ಮಾರನೆಯ ದಿನ ಬೇಕೆಂದೇ ಮತ್ತೆ ಗೊಬ್ಬರ ತಂದರಂತೆ. ಗಂಡ "ಬ್ಯಾಡ, ಬ್ಯಾಡ" ಎಂದರಂತೆ. ಅದರ ಮರುದಿನ ಉಪ್ಪಿನ ಡಬ್ಬಿ ಹಿಡಿದು ಹೋದರಂತೆ. ಆಗ, ತಡವರಿಸಿಕೊಂಡು, ಬಾಯಿ ಸೊಟ್ಟ ಮಾಡಿಕೊಂಡು, ಇಡೀ ಒಂದು ವಾಕ್ಯ ಬಂತಂತೆ: "ನಿನಗ... ಏನಾರ... ಬುದ್ಧಿ ಐತೇನು?" ಇದನ್ನು ನನಗೆ ಹೇಳುವಾಗ ನೀಲಮ್ಮನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಗಂಡನಿಂದ ಬೈಸಿಕೊಂಡು ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಮತ್ತೆ ನೋಡಿಲ್ಲ.

ಆದರೆ ಮಾತು ಮನೆಯೊಳಗೇ ಉಳಿಯಿತು. ಹೊರಗಿನವರು ಬಂದರೆ ಬಾಯಿ ಕಟ್ಟಿದಂತೆ ಕೂರುತ್ತಿದ್ದರು. ಮಿಲ್ಲಿನ ಹಮಾಲರು ನೋಡಲು ಬಂದರೂ ಅಷ್ಟೇ. ಮಗಳು ಅನ್ನಪೂರ್ಣ ಸಂಡೂರಿನ ಗುಡ್ಡದ ಮೇಲಿನ ದೋಣಿಮಲೈ ಕ್ವಾರ್ಟರ್ಸಿನಲ್ಲಿದ್ದಳು. ಅಳಿಯ ಗಣಿಯ ಕೆಲಸದವನು. ಬಂದು ನಾಲ್ಕು ದಿನ ಇರಪ್ಪಾ ಎಂದು ಅವಳು ಕರೆದದ್ದೇ ಕರೆದದ್ದು. ಇವರು ಹೊಸ್ತಿಲು ದಾಟಲೊಲ್ಲರು. ಅಷ್ಟು ಗತ್ತಿನ ಮನುಷ್ಯ, ತೊದಲುವುದನ್ನು ನಾಲ್ಕು ಜನ ಕೇಳಿಯಾರು ಎಂಬ ಸಂಕೋಚ.

ಬೇಸಿಗೆ ಬಂತು. ಕಂಪ್ಲಿಯ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಒಂದು ದಿನ ನೀಲಮ್ಮನ ಫೋನು: "ಜಲ್ದಿ ಬರ್ರಿ." ಮಂಚದ ಕಡೆ ಗಾಳಿ ಬರಲೆಂದು ಯಾರೋ ಪಶ್ಚಿಮದ ಕಿಟಕಿಯನ್ನೂ ತೆರೆದಿಟ್ಟಿದ್ದರು. ಮಧ್ಯಾಹ್ನದ ಬಿಸಿಗಾಳಿ ನೇರ ಗಿಡಕ್ಕೆ ಹೊಡೆದಿತ್ತು. ನಾನು ಹೋಗುವಷ್ಟರಲ್ಲಿ ಒಂದು ಮಗ್ಗುಲು ಪೂರಾ ಕಂದಾಗಿತ್ತು. ಶಿವರುದ್ರಪ್ಪನವರು ಊಟ ಬಿಟ್ಟು ಕೂತಿದ್ದರು. ಮುಖ ಮತ್ತೆ ಗೋಡೆಯತ್ತ ತಿರುಗಿತ್ತು.

ಬಕೆಟ್ಟಿನಲ್ಲಿ ಫಿಲ್ಟರ್ ನೀರು ತುಂಬಿಸಿ ಕುಂಡವನ್ನು ಮುಳುಗಿಸಿದೆ. ಗುಳ್ಳೆಗಳು ಬಂದವು. "ಯಜಮಾನ್ರ, ಈ ಗುಳ್ಳಿ ನಿಲ್ಲೋತನಾ ಇಡಬೇಕ್ರಿ. ನೀವು ನೋಡ್ತಿರ್ರಿ" ಎಂದೆ. ಬಹಳ ಹೊತ್ತಿನ ಮೇಲೆ ನಿಧಾನವಾಗಿ ತಿರುಗಿ ಬಕೆಟ್ಟಿನೊಳಗೆ ಇಣುಕಿದರು. ಸಂಜೆ ಕತ್ತರಿ ಕೊಟ್ಟೆ. ಸತ್ತ ಮಗ್ಗುಲನ್ನು ಅವರೇ ಕತ್ತರಿಸಿದರು, ಬಲಗೈಯಿಂದಲೇ. ಪ್ರತಿ ಸಲ ಹಸಿರು ಎಲ್ಲಿಯವರೆಗೆ ಇದೆಯೆಂದು ನನ್ನ ಮುಖ ನೋಡುತ್ತಿದ್ದರು. ಉಳಿದದ್ದು ಅರ್ಧ ಗಿಡ.

ಇನ್ನು ಇದನ್ನು ಕಂಪ್ಲಿಯಲ್ಲಿ ಉಳಿಸುವುದು ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು. ಸಂಡೂರಿನ ಗುಡ್ಡದ ಮೇಲೆ ರಾತ್ರಿಯಾದರೂ ಸ್ವಲ್ಪ ತಂಪು. "ಮಳಿ ಹಿಡಿಯೋತನಾ ನಿಮ್ಮ ಮಗಳ ಮನ್ಯಾಗ ಇಡೋಣ್ರಿ. ನಮ್ಮ ವ್ಯಾನು ನಾಳೆ ಸಂಡೂರಿಗೆ ಹೊಂಟೈತಿ, ತಗೊಂಡು ಹೋಗ್ತೀನಿ" ಎಂದೆ.

ಮಾರನೆಯ ದಿನ ಕುಂಡ ಎತ್ತಲು ಹೋದರೆ ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಕೈ ಬಿಡಲೊಲ್ಲರು.

"ಕೊಡ್ರಿ ಯಜಮಾನ್ರ, ಅಲ್ಲಿ ಅನ್ನಪೂರ್ಣ ನೋಡ್ಕೊಂತಾಳ."

"ಅಕಿಗೆ... ತಿಳಿಯಂಗಿಲ್ಲ."

"ನಾ ಹೇಳಿ ಬರ್ತೀನ್ರಿ."

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. "ನಾನೂ ಬರ್ತೀನಿ" ಎಂದರು.

ನೀಲಮ್ಮ ನನ್ನತ್ತ ಒಮ್ಮೆ ನೋಡಿ ಒಳಗೆ ಓಡಿದರು. ಗಂಡನ ಮನಸ್ಸು ಬದಲಾಗುವ ಮುಂಚೆ ಬಟ್ಟೆ, ಔಷಧಿ, ರೊಟ್ಟಿ, ಚಟ್ನಿಪುಡಿ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ತಂದರು. ಡ್ರೈವರ್ ಪಕ್ಕದ ಸೀಟಿನಲ್ಲಿ ಶಿವರುದ್ರಪ್ಪನವರು, ಅವರ ತೊಡೆಯ ಮೇಲೆ ಅರ್ಧ ಹೀದರ್. ಹಿಂದೆ ಕ್ರೋಟನ್ ಗಿಡಗಳ ನಡುವೆ ನಾನೂ ನೀಲಮ್ಮನೂ. ಹೊಸಪೇಟೆ ದಾಟಿ ಗುಡ್ಡಗಳ ನಡುವಿನ ರಸ್ತೆಗೆ ಬಂದಾಗ ಎದುರಿಗೆ ಅದಿರಿನ ಲಾರಿಗಳು, ಕೆಂಪು ಧೂಳು. "ಗ್ಲಾಸ್ ಏರ್ಸಲೇ!" ಎಂದು ಡ್ರೈವರ್‌ಗೆ ಶಿವರುದ್ರಪ್ಪನವರು ಗದರಿದರು. ಡ್ರೈವರ್ ಬೆಚ್ಚಿಬಿದ್ದ. ನೀಲಮ್ಮ ನನ್ನ ಕೈ ಹಿಡಿದು ಅದುಮಿದರು. ನನ್ನನ್ನು ಬಿಟ್ಟರೆ, ಒಂದು ವರ್ಷದ ಮೇಲೆ ಹೊರಗಿನವರೊಬ್ಬರ ಜೊತೆ ಅವರು ಆಡಿದ ಮೊದಲ ಮಾತು ಅದು.

ಕ್ವಾರ್ಟರ್ಸಿನ ಎದುರಿಗೇ ಸ್ಟಾಫ್ ಬಸ್ ನಿಲ್ಲುತ್ತಿತ್ತು. ಮುಂಜಾನೆ ಜಗುಲಿಯಲ್ಲಿ ಗಿಡದ ಪಕ್ಕ ಕೂತ ಮುದುಕರನ್ನು ಬಸ್ಸಿಗೆ ಕಾಯುವವರು ಮಾತಾಡಿಸದೆ ಬಿಟ್ಟಾರೆಯೇ? "ಇದೇನು ಗಿಡಾರೀ ತಾತಾ?" ಎಂದು ಒಬ್ಬರಲ್ಲ ಒಬ್ಬರು ಕೇಳುವುದು, ಇವರು "ಹೈದರ್" ಎನ್ನುವುದು. "ಯಾವ ಹೈದರ್ ರೀ?" ಎಂದರೆ ಮುಂದೆ ವಿವರಿಸಲೇಬೇಕು. ಮೊದಮೊದಲು ಬಸ್ಸು ಬರುವಷ್ಟರಲ್ಲಿ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲವಂತೆ. ಉಳಿದರ್ಧ ಕೇಳಲು ಅವರು ಮರುದಿನ ಬರುತ್ತಿದ್ದರಂತೆ. ಆಮೇಲಾಮೇಲೆ ಬಸ್ಸು ಹಾರ್ನ್ ಹೊಡೆದರೂ ಇವರು ಬಿಡುತ್ತಿರಲಿಲ್ಲವಂತೆ. ಮಳೆಗಾಲ ಹಿಡಿಯುವ ಹೊತ್ತಿಗೆ ಕ್ವಾರ್ಟರ್ಸಿನಲ್ಲೆಲ್ಲ ಅವರು "ಹೈದರ್ ತಾತ" ಆಗಿದ್ದರು, ಕೋಲು ಹಿಡಿದು ಬೀದಿ ಕೊನೆಯವರೆಗೆ ನಡೆಯುತ್ತಿದ್ದರು.

ಎಲ್ಲ ಹೀದರುಗಳೂ ಹೀಗೆ ಉಳಿಯಲಿಲ್ಲ. ನಾವು ಮಾರಿದ್ದರಲ್ಲಿ ಬಹುಪಾಲು ಸತ್ತವು, ರಾಯರು ಮತ್ತೆ ಊಟಿಯಿಂದ ಅದನ್ನು ತರಿಸಲಿಲ್ಲ. ಆದರೆ ಕಂಪ್ಲಿಯ ಅರ್ಧ ಗಿಡ ಮಳೆಗಾಲದಲ್ಲಿ ಚಿಗುರಿ ಮಗ್ಗುಲು ತುಂಬಿಕೊಂಡಿತು. ಚಳಿ ಬೀಳುತ್ತಿದ್ದಂತೆ ಮೊಗ್ಗು ಬಿಟ್ಟಿತು. ಹೂ ನೋಡಲು ಬರಲೇಬೇಕೆಂದು ಕರೆ ಬಂದಾಗ ರಾಯರನ್ನೂ ಕರೆದುಕೊಂಡು ಹೋದೆ.

ಮಳೆ ಹಿಡಿದ ಮೇಲೆ ಗಂಡ ಹೆಂಡತಿ ಗಿಡದೊಡನೆ ಕಂಪ್ಲಿಗೆ ಮರಳಿದ್ದರು. ನಾವು ಹೋದಾಗ ಮನೆಯಲ್ಲಿ ನೀಲಮ್ಮ ಒಬ್ಬರೇ ಇದ್ದರು. ಗಿಡ ಕಿಟಕಿಯಲ್ಲಿ ಗುಲಾಬಿಯಾಗಿ ಅರಳಿತ್ತು. ರಾಯರು ಕನ್ನಡಕ ಹಾಕಿಕೊಂಡು, ಕಾಂಡ ಮುಟ್ಟಿ ನೋಡಿ, ಅದರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಅಷ್ಟರಲ್ಲಿ ರಸ್ತೆಯಾಚೆಯ ಮಿಲ್ಲಿನಿಂದ, ಮಷೀನಿನ ಸದ್ದನ್ನು ಮೀರಿ, ಯಾರನ್ನೋ ಬೈಯುವ ದನಿ ಕೇಳಿಸಿತು. ತೊದಲು ಇನ್ನೂ ಇತ್ತು. ಆದರೆ ನಿಲ್ಲುವ ಲಕ್ಷಣವಿರಲಿಲ್ಲ.

"ಮುಂಜಾನಿಯಿಂದ ಹಿಂಗ ನಡದೈತ್ರಿ" ಎಂದರು ನೀಲಮ್ಮ, ನಮ್ಮ ಮುಂದೆ ಮಂಡಕ್ಕಿ ಒಗ್ಗರಣೆ ಇಡುತ್ತ. "ಹಮಾಲ್ರಿಗೆ ಒಂದು ಸುತ್ತು, ಮಗನಿಗೆ ಒಂದು ಸುತ್ತು, ಊಟಕ್ಕ ಬಂದ್ರ ನನಗ. ಮಾತು ಬರ್ಲಿ ಅಂತ ಕಂಡ ದೇವ್ರಿಗೆಲ್ಲಾ ಹರಕಿ ಹೊತ್ತೆ. ಈಗ ಇದನ್ನ ಒಂದೀಟು ನಿಲ್ಲಿಸಾಕ ನಿಮ್ಮ ನರ್ಸರ್‍ಯಾಗ ಯಾವುದಾರ ಗಿಡ ಐತೇನ್ರಿ?"